ಹಿಂದೆ ಸರಿದ ಕುಳ್ಳಿ ಕ್ಯಾಪ್ಟನ್

ಮಾರ್ಚ್ ೧೧, ಮಂಗಳವಾರ

ಬ್ರೇಕ್ ಸರಿಯಿಲ್ಲದ ಬಸ್ಸನ್ನು ನಾನು ಡಿಪೋದಿಂದ ಬಿಡಲಿಲ್ಲವೆಂದು ಮ್ಯಾನೇಜರ್ ಎಲ್ಲರೆದುರು ಕೂಗಾಡಿದ್ದು ಇನ್ನೂ ಕಿವಿಯಲ್ಲೇ ಇದೆ.

ಮನೆಗೆ ಬಂದರೆ ತಮ್ಮ ಟಿವಿಯಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಹಾಕಿಕೊಂಡು ಕೂತಿದ್ದ. ಕೋಟು ಹಾರಿಸುತ್ತಾ ಒಬ್ಬನೇ ಶತ್ರುಗಳ ನಡುವೆ ನುಗ್ಗುವ ಜನರಲ್ ಎಂದರೆ ಅವನಿಗೆ ಪ್ರಾಣ. ಅತ್ತ ಅವನ ಸೈನ್ಯಕ್ಕೆ ಆಜ್ಞೆ ಕೊಡುವವರೇ ಇಲ್ಲ! ನಮ್ಮ ಡಿಪೋದಲ್ಲಾಗಿದ್ದರೆ ಆ ಜನರಲ್‌ಗೆ ಬಸ್ಸು ತೊಳೆಯುವ ಕೆಲಸವನ್ನೂ ಕೊಡುತ್ತಿರಲಿಲ್ಲ. ಅದೇ ಕಥೆಯಲ್ಲಿ, ಸೇತುವೆ ಬಿರುಕು ಬಿಟ್ಟಿದೆಯೆಂದು ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡ ಕುಳ್ಳಿ ಕ್ಯಾಪ್ಟನ್‌ಗೇ ನನ್ನ ಪೂರ್ತಿ ಅಂಕ.

"ಅವಳು ಪುಕ್ಕಲಿ ಕಣೇ ಅಕ್ಕ," ಅಂದ.

"ಅವಳ ಕಡೆಯವರು ಎಷ್ಟು ಜನ ಸತ್ರು?"

"ಯಾರೂ ಇಲ್ಲ."

"ನಿನ್ನ ಜನರಲ್ ಕಡೆ?"

ತಮ್ಮ ಟಿವಿ ಸೌಂಡ್ ಜಾಸ್ತಿ ಮಾಡಿದ.

ನಾಳೆ ಮ್ಯಾನೇಜರ್ ಗಂಟಲು ಹರಿದುಕೊಳ್ಳಲಿ. ಕಣ್ಣು ಎಳೆಯುತ್ತಿದೆ. ಆ ಬಸ್ಸಿನ ಕೀ ನನ್ನ ದಿಂಬಿನ ಕೆಳಗಿದೆ.