ಭಾವ ಎಣಿಸುವ ಹಾಗೆ

ಬಾಮೈದ ನಾಗರಾಜನಿಗೆ,

ನಾನು ಕಾಗದ ಬರೆಯುವವನಲ್ಲ ಅಂತ ನಿನಗೆ ಗೊತ್ತು. ಆರನೇ ಕ್ಲಾಸಿಗೇ ಮೇಷ್ಟರ ಹತ್ತಿರ ಜಗಳ ಮಾಡಿಕೊಂಡು ಸ್ಕೂಲು ಬಿಟ್ಟವನು. ಆದರೂ ಈ ಮಾತನ್ನು ನಿನ್ನ ಅಕ್ಕನಿಗೂ ಹೇಳಲಾಗದೆ ನಿನಗೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹಾಗೇ ಓದಿಕೊ, ತಿದ್ದಲು ಕೂರಬೇಡ.

ಆ ಮಧ್ಯಾಹ್ನಗಳು ನೆನಪಿವೆಯೇ? ಶಿಡ್ಲಘಟ್ಟದ ನಮ್ಮ ಶೆಡ್ಡಿನಲ್ಲಿ ನಾನು ರೇಷ್ಮೆಗೂಡು ಆರಿಸುತ್ತ ಕೂತಿದ್ದರೆ, ನೀನು ಚಿಂತಾಮಣಿ ಬಸ್ಸಿಳಿದು ನೇರ ಬಂದು, ಹಳೇ ಲ್ಯಾಪ್‌ಟಾಪನ್ನು ಗೂಡಿನ ಚೀಲದ ಮೇಲಿಟ್ಟು ತೆರೆಯುತ್ತಿದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನಿಗೆ ತನ್ನ ಪ್ರೋಗ್ರಾಮನ್ನು ನನಗೆ ಓದಿ ಹೇಳುವ ಹುಚ್ಚು. "ಸುಮ್ನೆ ಕೇಳಿಸ್ಕೊಳ್ಳಿ ಭಾವ, ಅರ್ಥ ಆಗ್ದೇ ಇದ್ರೂ ಪರ್ವಾಗಿಲ್ಲ." ನೀನು ಒಂದು ಸಾಲು ಓದಿದರೆ ನಾನು ಅದ್ಯಾಕೆ ಅಂತ ರೇಗುತ್ತಿದ್ದೆ. ನೀನು ವಿವರಿಸಲು ಹೊರಟವನು ಅರ್ಧಕ್ಕೇ ನಿಂತು, ನಾಲಿಗೆ ಕಚ್ಚಿಕೊಂಡು, ಟಕಟಕ ಒತ್ತಲು ಶುರು ಮಾಡುತ್ತಿದ್ದೆ. ತಪ್ಪು ಸಿಕ್ಕಿತು ಅಂತ ನನಗೆ ಅಲ್ಲೇ ಗೊತ್ತಾಗುತ್ತಿತ್ತು. ತಪ್ಪು ಹುಡುಕುವ ಸಾಫ್ಟ್‌ವೇರ್ ಬೇರೆ ಇದೆ, ಆದರೆ ನಿಮ್ಮಷ್ಟು ಕೋಪದ್ದು ಸಿಗಲ್ಲ ಅಂತ ನೀನು ನಗುತ್ತಿದ್ದೆ. ಅದಕ್ಕೆ ನಾನೂ ಯಾಕೆ ನಗುತ್ತಿದ್ದೆನೋ...

ಗೂಡು ಬೇಯಿಸುವ ನಾಲ್ಕು ತೊಟ್ಟಿಗಳಿಗೆ ಅಂತ ನೀನೊಂದು ಪೆಟ್ಟಿಗೆ ಮಾಡಿ ತಂದೆ. ಯಾವ ತೊಟ್ಟಿಯ ಗೂಡು ಹದಕ್ಕೆ ಬಂತೋ ಅದರ ಅಂಕಿ ತೋರಿಸಿ ಗಂಟೆ ಹೊಡೆಯಬೇಕು. ಮೊದಲನೇ ತೊಟ್ಟಿಗೆ ಸೊನ್ನೆ ಅಂತ ಹಾಕಿದ್ದೆ. ನಮ್ಮಪ್ಪನ ಕಾಲದಿಂದ ಏನೇ ಅಳೆದರೂ ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಅನ್ನುವ ಬಾಯಿ ನನ್ನದು. ತೊಟ್ಟಿಗಳೂ ಹಾಗೇ: ಲಾಭ, ಎರಡು, ಮೂರು, ನಾಲ್ಕು. ಸೊನ್ನೆಯಿಂದ ಎಣಿಸುವವರು ಲೋಕದಲ್ಲಿ ಯಾರಯ್ಯಾ ಅಂದೆ. "ಕಂಪ್ಯೂಟರ್ ಎಣ್ಸೋದೇ ಹಂಗೆ ಭಾವ. ಸೊನ್ನೆ ಅಂದ್ರೆ ಮೊದಲ್ನೇದು, ಒಂದು ಅಂದ್ರೆ ಎರಡ್ನೇದು." ನೀನು ಹೇಳಿದ್ದೆ. ನಾನು ಕೇಳಿಸಿಕೊಂಡಿದ್ದೆ. ಇಷ್ಟನ್ನು ಬರೆಯಬೇಕು ಅಂತಲೇ ಕೂತಿರುವುದು.

ಯುಗಾದಿ ಕಳೆದ ಮೂರನೇ ದಿನ. ಗಂಟೆ ಹೊಡೆಯಿತು, ಒಂದು ಅಂತ ತೋರಿಸಿತು. ನಾನು ಆತುರದಲ್ಲಿ ಮೊದಲನೇ ತೊಟ್ಟಿಯ ಗೂಡು ಎತ್ತಿಸಿದೆ. ಅದು ಇನ್ನೂ ಗಟ್ಟಿ. ಎರಡನೆಯದರಲ್ಲಿದ್ದದ್ದು ಬೆಂದು ಬೆಂದು, ಎಳೆ ಸಿಗದೆ ಮುದ್ದೆಯಾಯಿತು. ಶೆಡ್ಡಿನ ಹೆಂಗಸರೆಲ್ಲ ನೋಡುತ್ತಿದ್ದರು. ಸೊನ್ನೆಯಿಂದ ಅಂತ ನೀನು ಬಾಯಿ ತೆರೆಯುವಷ್ಟರಲ್ಲಿ, "ಸೊನ್ನೆ ಇರೋದು ನಿನ್ ತಲೇಲಿ. ಡಬ್ಬ ತಗೊಂಡು ಹೋಗು, ಇನ್ಮೇಲೆ ಈ ಶೆಡ್ಡಿಗೆ ಕಾಲಿಡ್ಬೇಡ" ಅಂದೆ. ನೀನು ತಿರುಪು ಬಿಚ್ಚಿ, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಮೂರು ತಿಂಗಳಿಗೆ, ನಿನಗೆ ಎದೆನೋವು ಬಂದು ಎಲ್ಲ ಮುಗಿಯಿತು ಅಂತ ಫೋನ್ ಬಂತು. ಅಷ್ಟರೊಳಗೆ ಒಂದು ಸಲ ಚಿಂತಾಮಣಿ ಬಸ್ ಹತ್ತಿದ್ದರೆ ನನ್ನಪ್ಪನ ಗಂಟೇನು ಹೋಗುತ್ತಿತ್ತು?

ನೀನು ಹೋಗಿ ಎಷ್ಟೋ ವರ್ಷದ ಮೇಲೆ, ಕಳೆದ ಭಾನುವಾರ ನಿನ್ನ ಮಗಳು ರೂಪ ಆ ಪೆಟ್ಟಿಗೆ ಹಿಡಿದು ಬಂದಳು. ನಿನ್ನ ಹಳೇ ಪ್ರೋಗ್ರಾಮನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಪ್ರೋಗ್ರಾಮ್ ಬರೆಯುವ ಈಗಿನ ಎಡಿಟರ್ ನೀನು ನೋಡಬೇಕಿತ್ತು ಕಣಯ್ಯ. ಅರ್ಧ ಸಾಲು ಬರೆದರೆ ಉಳಿದರ್ಧವನ್ನು ತಾನೇ ಬೂದು ಬಣ್ಣದಲ್ಲಿ ಬರೆದು ತೋರಿಸುತ್ತದೆ. ಬೇಕಾದ ಸಾಲಿನಲ್ಲಿ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಒಳಗೇನಿದೆ ಅಂತ ನೋಡಬಹುದು. ಎಳೆ ಕಡಿದರೆ ನಾವು ರಾಟೆ ನಿಲ್ಲಿಸಿ ಗಂಟು ಹಾಕುವುದಿಲ್ಲವೇ, ಹಾಗೆ. ರೇಗುವುದು ಮಾತ್ರ ಅದಕ್ಕೆ ಬರುವುದಿಲ್ಲ.

ಒಂದು ಪದದ ಕೆಳಗೆ ಕೆಂಪು ಗೆರೆ ಎಳೆದು, ಅದನ್ನು ಲೇಬಲ್ ಅಂತ ತಿದ್ದಲೇ ಅಂತ ಕೇಳುತ್ತಿತ್ತು. ರೂಪ ಹೂಂ ಅಂತ ಒತ್ತುವುದರಲ್ಲಿದ್ದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ನನಗೂ ಬರುತ್ತದೆ. ಎಲ್, ಎ, ಬಿ, ಎಚ್, ಎ.

"ಮುಟ್ಬೇಡಮ್ಮ ಅದನ್ನ" ಅಂದೆ.

ಸೊನ್ನೆ ಇದ್ದ ಕಡೆ ನೀನು ಲಾಭ ಅಂತ ಬರೆದಿದ್ದೆ. ಒಂದು ಇದ್ದ ಕಡೆ ಎರಡು. ಅದರ ಮೇಲೆ ಹಸಿರು ಬಣ್ಣದಲ್ಲಿ ಇನ್ನೊಂದು ಸಾಲಿತ್ತು. ರೂಪ ಓದಿದಳು: ಭಾವ ಎಣಿಸುವ ಹಾಗೆ. ಅದು ಏನು ಕೆಲಸ ಮಾಡುತ್ತದೆ ಅಂತ ಕೇಳಿದೆ. "ಏನೂ ಮಾಡಲ್ಲ ಮಾವ. ಈ ಸಾಲನ್ನ ಕಂಪ್ಯೂಟರ್ ಓದೋದೇ ಇಲ್ಲ. ಮುಂದೆ ಯಾರಾದ್ರೂ ಮನುಷ್ಯರು ತೆಗ್ದು ನೋಡಿದ್ರೆ, ಅವ್ರಿಗೆ." ಬರೆದ ತಾರೀಕನ್ನೂ ತೋರಿಸಿದಳು. ನಾನು ಬೈದ ಮರುದಿನ.

ತಿದ್ದಿ ಇಟ್ಟುಕೊಂಡು ಮೂರು ತಿಂಗಳು ಕಾದೆಯಾ? ಕಾಲಿಡಬೇಡ ಅಂದ ಒಂದು ಮಾತಿಗೆ...

ಪೆಟ್ಟಿಗೆ ಈಗ ಶೆಡ್ಡಿನಲ್ಲಿ ನೀನು ಬಿಚ್ಚಿಕೊಂಡು ಹೋದ ಗೋಡೆಯ ಮೇಲೇ ಇದೆ. ನಿನ್ನೆ ಬೆಳಿಗ್ಗೆ ಗಂಟೆ ಹೊಡೆದು ಲಾಭ ಅಂತ ತೋರಿಸಿತು. ಮೊದಲನೇ ತೊಟ್ಟಿಯ ಗೂಡು ಎತ್ತಿಸಿದೆ. ಹದವಾಗಿತ್ತು. ಅವತ್ತಿನ ಹೆಂಗಸರಲ್ಲಿ ಈಗ ಮುನಿಯಮ್ಮ ಒಬ್ಬಳೇ ಉಳಿದಿರುವುದು. ಅವಳನ್ನು ಕರೆದು, ಆ ದಿನ ತಪ್ಪು ಮಾಡಿದ್ದು ನಾಗರಾಜ ಅಲ್ಲ, ನಾನು ಅಂದೆ.

"ಅದು ಅವತ್ತೇ ಎಲ್ರಿಗೂ ಗೊತ್ತಿತ್ತು ಬಿಡಣ್ಣ" ಅಂದು, ಅವಳು ಎಳೆ ಹುಡುಕಲು ಹೋದಳು.

ನಿನ್ನ ಭಾವ