ಹಾಡು ಅವರದು, ಮಾತು ಯಾರದು?

ಡಿಜಿಟಲ್ ಹಕ್ಕುಸ್ವಾಮ್ಯ ದೂರುಗಳನ್ನು ವಿಚಾರಿಸುವ ಮಾನ್ಯ ಅಧಿಕಾರಿಗಳೇ,

ನಾನು ಕಳ್ಳನೆಂದು ತಾವು ತೀರ್ಮಾನಿಸಿದ್ದೀರಿ. ಸಂತೋಷ. ಕದ್ದ ಮಾಲು ಒಂದು ಚುನಾವಣಾ ಹಾಡು. ಅದನ್ನು ನಾಲ್ಕು ಬೀದಿ ಕೂಡುವ ಜಾಗದಲ್ಲಿ, ನನ್ನ ಅಂಗಡಿಯ ಗಾಜು ಗಡಗಡ ನಡುಗುವಷ್ಟು ಜೋರಾಗಿ, ಬೇಕೆಂದವರಿಗೂ ಬೇಡವೆಂದವರಿಗೂ ಪುಕ್ಕಟೆ ಹಂಚಿದವರು ಅದರ ಒಡೆಯರಾದ ಪಕ್ಷದವರೇ. ಆ ಹೊತ್ತಿನಲ್ಲಿ ನಾನು ಫೋನ್ ಹಿಡಿದು ನಿಂತದ್ದು ಅಪರಾಧವಾಯಿತು. ನಾನು ಹಿಡಿಯಲು ಹೋದದ್ದು ಹಾಡನ್ನಲ್ಲ, ವೇದಿಕೆಯ ಮೇಲಿದ್ದವರ ಒಂದು ಮಾತನ್ನು. ಹಾಡಿನ ನೆಪದಲ್ಲಿ ತಾವು ಆ ಮಾತನ್ನೂ ಎತ್ತಿ ಆಚೆ ಹಾಕಿದ್ದೀರಿ. ಮುಂದಿನ ವಾರ ಮತದಾನ. ಆದ್ದರಿಂದ ಸುತ್ತಿ ಬಳಸದೆ ಕೇಳುತ್ತೇನೆ: ತಾವು ಕಾಯುತ್ತಿರುವುದು ಹಾಡನ್ನೋ, ಮಾತಾಡಿದವರನ್ನೋ?

ನನ್ನದು ಕನ್ನಡಕದ ಅಂಗಡಿ. ತಮ್ಮ ಕಚೇರಿಯ ಹಿಂದಿನ ರಸ್ತೆಯಲ್ಲೇ ಇದೆ. ತಮ್ಮ ಸಿಬ್ಬಂದಿಯಲ್ಲಿ ಅರ್ಧ ಜನ ಈ ಕಾಗದವನ್ನು ನಾನು ಕೂರಿಸಿದ ಗಾಜಿನಿಂದಲೇ ಓದುತ್ತಾರೆ. ಸ್ವಭಾವತಃ ನಾನು ಸ್ವಲ್ಪ ಅನುಮಾನದವನು. ನನ್ನ ಅಕ್ಕ ನನ್ನ ಅಂಗಡಿಯನ್ನು ಕನ್ನಡಕದ ಅಂಗಡಿ ಎನ್ನುವುದಿಲ್ಲ, ಅನುಮಾನದ ಅಂಗಡಿ ಎನ್ನುತ್ತಾಳೆ. ಹಾಲಿನವನು ಒಂದು ದಿನ ಬೇಗ ಬಂದರೂ ‘ಇವತ್ತೇನು ವಿಶೇಷ’ ಎಂದು ಕೇಳುವವನು ನಾನು. ಹಾಗಾಗಿ ನನ್ನ ಮಾತನ್ನು ತಾವು ಸ್ವಲ್ಪ ಜಾಲಾಡಿಯೇ ಓದಿ. ಬೇಸರವಿಲ್ಲ.

ಈ ಅಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ನಮ್ಮ ಬಡಾವಣೆಯ ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆಯಿದೆ. ಹಸಿರು ಪರದೆ, ಸಾಲು ಮಂಚ, ಮಂಚಕ್ಕೊಂದು ಡಯಾಲಿಸಿಸ್ ಯಂತ್ರ. ವಾರದಲ್ಲಿ ಮೂರು ಸಲ ಅವಳ ರಕ್ತವೆಲ್ಲ ಆ ಯಂತ್ರದೊಳಗೆ ಹೋಗಿ ತೊಳೆದುಕೊಂಡು ವಾಪಸ್ ಬರಬೇಕು. ಮುಗಿದ ಮೇಲೆ ಅವಳಿಗೆ ಕೂರಲೂ ಶಕ್ತಿ ಇರುವುದಿಲ್ಲ. ಸ್ಕೂಟರಿನ ಹಿಂದೆ ಕೂರಿಸಿ, ಶಾಲಿನಿಂದ ಅವಳನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ತರುತ್ತೇನೆ. ಮನೆ ಹತ್ತಿರ, ಆದ್ದರಿಂದ ನಡೆಯುತ್ತಿದೆ. ಆ ಕೋಣೆಯನ್ನು ಈಗ ಊರಾಚೆಯ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರಂತೆ. ಹೆದ್ದಾರಿ ದಾಟಿ, ಲಾರಿಗಳ ನಡುವೆ, ಶಾಲು ಕಟ್ಟಿಕೊಂಡು ಅವಳನ್ನು ಅಲ್ಲಿಂದ ತರುವುದು ನನ್ನಿಂದ ಆಗದ ಕೆಲಸ. ಎಲ್ಲಾದರೂ ಶಾಲು ಸಡಿಲವಾದರೆ ಅಕ್ಕ ನನಗೆ ಉಳಿಯುವುದಿಲ್ಲ. ಇಷ್ಟೇ ನನ್ನ ರಾಜಕೀಯ. ಇದಕ್ಕಿಂತ ಹೆಚ್ಚಿನ ಸಿದ್ಧಾಂತ ನಮ್ಮ ಮನೆಯಲ್ಲಿಲ್ಲ.

ಹಿಂದಿನ ಚುನಾವಣೆಯಲ್ಲೂ ಇದೇ ಸುದ್ದಿ ಎದ್ದಿತ್ತು. ಆಗ ನಮ್ಮ ಪ್ರತಿನಿಧಿಗಳು ನಾಲ್ಕು ಬೀದಿ ಕೂಡುವಲ್ಲಿ ವೇದಿಕೆ ಹತ್ತಿ, ಎದೆಯ ಮೇಲೆ ಕೈಯಿಟ್ಟು, “ನಾನಿರೋವರೆಗೂ ಆ ಡಯಾಲಿಸಿಸ್ ಕೋಣೆಯ ಒಂದು ಮಂಚ ಕೂಡ ಅಲ್ಲಾಡಲ್ಲ” ಎಂದರು. ಅಕ್ಕ ಸಭೆಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಅವಳಿಗೆ ತೋರಿಸಲೆಂದು ಚಿತ್ರೀಕರಿಸಿಕೊಂಡೆ. ಸದ್ದು ಚೆನ್ನಾಗಿ ಹಿಡಿಯಲೆಂದು ಧ್ವನಿವರ್ಧಕದ ಮಗ್ಗುಲಲ್ಲೇ ನಿಂತೆ. ಮಾತಿನ ಜೊತೆ ಹಾಡೂ ಸಮೃದ್ಧವಾಗಿ ಬಿತ್ತು. ಅವಳು ನೋಡಿದಳು, ನಂಬಿದಳು, ಅವರಿಗೇ ಓಟು ಹಾಕಿದಳು. ವಿಡಿಯೋವನ್ನು ನಾನು ಜಾಲತಾಣಕ್ಕೂ ಏರಿಸಿದ್ದೆ. ಇಡೀ ಒಂದು ಅವಧಿ ಅದು ಅಲ್ಲಿ ತೆಪ್ಪಗೆ ಬಿದ್ದುಕೊಂಡಿತ್ತು. ಅಷ್ಟೂ ಕಾಲ ಅದರೊಳಗಿನ ಹಾಡು ಕಳುವಾಗಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಯಾವಾಗ ಗೊತ್ತೇ? ಕೋಣೆ ಸಾಗಿಸುವ ಆದೇಶ ಗೋಡೆಗೆ ಅಂಟಿದ ಮೇಲೆ, ‘ಸ್ವಾಮಿ, ತಾವು ಹೀಗಂದಿದ್ದಿರಲ್ಲ?’ ಎಂದು ಬರೆದು ನಾನು ಆ ವಿಡಿಯೋವನ್ನು ಮತ್ತೆ ಹಂಚಿ, ಬಡಾವಣೆಯ ಜನ ಅದನ್ನು ಕೈಯಿಂದ ಕೈಗೆ ದಾಟಿಸತೊಡಗಿದ ಮಾರನೆಯ ದಿನ. ಹಾಡಿನ ಒಡೆಯರಿಗೆ ತಟ್ಟನೆ ಹೊಟ್ಟೆ ಉರಿಯಿತು. ದೂರು ಬಂತು, ವಿಡಿಯೋ ಹೋಯಿತು. ಅದಿದ್ದ ಜಾಗದಲ್ಲಿ ಈಗ ಒಂದು ಬೂದು ಬಣ್ಣದ ಚೌಕ, ಅದರ ನಡುವೆ ಎರಡೇ ಪದ: ‘ದೂರಿನನ್ವಯ ತೆಗೆಯಲಾಗಿದೆ’. ಅದೇ ಸಭೆಯ, ಅದೇ ಹಾಡಿನ, ಪಕ್ಷದವರೇ ಕತ್ತರಿಸಿ ಹೊಲಿದ ವಿಡಿಯೋ ಮಾತ್ರ ಈಗಲೂ ಕುಣಿಯುತ್ತಿದೆ. ಅದರಲ್ಲಿ ಹಾರ ಇದೆ, ಚಪ್ಪಾಳೆ ಇದೆ, ಮಂಚದ ಮಾತಿಲ್ಲ. ಅವರ ಹಾಡಿಗೆ ಅವರದೇ ಅನುಮತಿ ಇದೆಯಂತೆ. ಇರದೇ ಏನು!

ತಮ್ಮ ಕಚೇರಿಗೂ ಬಂದೆ. ತಾವು ಸಿಗಲಿಲ್ಲ. ಗಾಜಿನ ಕಿಂಡಿಯ ಹಿಂದೆ ಕೂತಿದ್ದ ಮೇಡಂ ಸಭ್ಯರು, ಕೂರಲು ಕುರ್ಚಿ ತೋರಿಸಿದರು.

“ಹಾಡು ಅವರದ್ದೇ ತಾನೇ?” ಅಂದರು.

“ಹೌದು ಮೇಡಂ.”

“ಮತ್ತೇನು, ಮುಗೀತಲ್ಲ.”

“ಮಾತು ಇದೆಯಲ್ಲ ಮೇಡಂ, ಅದು ಯಾರದ್ದು?”

“ಮಾತು ನಮ್ಮ ವಿಭಾಗಕ್ಕೆ ಬರಲ್ಲ. ನೀವು ಆಕ್ಷೇಪಣೆ ಹಾಕಿ. ಅವರಿಗೆ ಉತ್ತರ ಕೊಡೋಕೆ ಕಾಲಾವಕಾಶ ಇರುತ್ತೆ, ಆಮೇಲೆ ನೋಡ್ತೀವಿ.”

ಆ ಕಾಲಾವಕಾಶ ಮುಗಿಯುವುದು ಮತ ಎಣಿಕೆಯೂ ಆಗಿ, ಹಾರ ತುರಾಯಿ ಬಾಡಿದ ಮೇಲೆ. ಆಗ ವಿಡಿಯೋ ವಾಪಸ್ ಬಂದರೆ ನಾನದನ್ನು ಏನು ಮಾಡಲಿ, ಚೌಕಟ್ಟು ಹಾಕಿಸಲೇ? ಹೊರಡುವಾಗ ಮೇಡಂ ಕನಿಕರದಿಂದಲೇ ಸಲಹೆ ಕೊಟ್ಟರು: “ಹಾಡು ತೆಗೆದು ಬರೀ ಮಾತು ಹಾಕಿ ನೋಡಿ.”

ಅದನ್ನೂ ಮಾಡಿದೆ. ನಮ್ಮ ಬೀದಿಯ ಸ್ಟುಡಿಯೋದವರು ಏನೇನೋ ಗುಂಡಿ ಒತ್ತಿ ಹಾಡನ್ನು ಮಾತಿನಿಂದ ಬಿಡಿಸಿದರು. ಹಾಡು ಹೋಯಿತು, ಜೊತೆಗೆ ಸ್ವರದ ಜೀವವೂ ಹೋಯಿತು. ಪ್ರತಿನಿಧಿಗಳು ಖಾಲಿ ಡ್ರಮ್ಮಿನೊಳಗೆ ಕೂತು ಮಾತಾಡಿದಂತೆ ಕೇಳಿಸಿತು. ಏರಿಸಿದ ತಕ್ಷಣ ಜನ ಮುಗಿಬಿದ್ದರು: ‘ಇದು ಅವರ ದನಿಯೇ ಅಲ್ಲ’, ‘ಯಂತ್ರದಲ್ಲಿ ಮಾಡಿಸಿದ್ದು’, ‘ಎಷ್ಟು ಸಿಕ್ತು ಕನ್ನಡಕದೋನಿಗೆ?’ ಹಾಡಿದ್ದರೆ ನಾನು ಕಳ್ಳ, ಹಾಡಿಲ್ಲದಿದ್ದರೆ ಸುಳ್ಳ. ಮೂರನೆಯ ದಾರಿಯೊಂದನ್ನು ತಮ್ಮ ಕಾನೂನು ಉಳಿಸಿದ್ದರೆ ದಯವಿಟ್ಟು ತೋರಿಸಿ.

ಇನ್ನು ನನ್ನ ಅನುಮಾನಕ್ಕೆ ಬರುತ್ತೇನೆ. ಈ ಸಲದ ಸಭೆಗೂ ಹೋಗಿದ್ದೆ, ಭಾಷಣಕ್ಕಲ್ಲ, ಹಾಡನ್ನು ಕಾಯಲು. ಎದುರಾಳಿಯನ್ನು ಬೈಯುವಾಗ ಹಾಡು ಬೆಕ್ಕಿನ ಹಾಗೆ ಮುದುರಿಕೊಂಡಿತ್ತು. ‘ನಾನು ಮಾತು ಕೊಡ್ತೀನಿ’ ಎಂದದ್ದೇ ತಡ, ಹಾಡು ಭೋರೆಂದು ಎದ್ದಿತು. ಮುಂದಿನ ಭರವಸೆಗೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ಮುಗಿದ ಮೇಲೆ ತಂತಿ ಸುತ್ತುತ್ತಿದ್ದ ಮೈಕ್‌ಸೆಟ್ಟಿನವನನ್ನು ಕೇಳಿದೆ.

“ಅಲ್ಲಪ್ಪಾ, ಅವರು ಮಾತು ಕೊಡೋವಾಗ್ಲೇ ಯಾಕೆ ಅಷ್ಟು ಜೋರು?”

“ಮೇಲಿಂದ ಹೇಳಿದ್ದಾರೆ ಸಾರ್. ಭರವಸೆ ಬಂದ್ರೆ ಹಾಡು ಎತ್ತು ಅಂತ. ಜನಕ್ಕೆ ಹುರುಪು ಬರ್ಲಿ ಅಂತ ಇರ್ಬೇಕು.”

ಇರಬಹುದು, ಹುರುಪಿಗೇ ಇರಬಹುದು. ಆದರೆ ಬೇರೆಯವರ ಫೋನಿನಲ್ಲಿ ಇರಗೊಡದ ಹಾಡನ್ನು, ಬೇರೆಯವರ ಫೋನಿನಲ್ಲಿ ಇರಬಾರದ ಮಾತಿಗೆ ಸರಿಯಾಗಿ ಹೊದಿಸುವುದು ಎಷ್ಟು ಅನುಕೂಲದ ಹುರುಪು! ಹಿಂದಿನ ಸಲದ ಸಭೆಯಲ್ಲೂ ನೂರಾರು ಫೋನುಗಳಿದ್ದವು. ಒಂದರಲ್ಲಾದರೂ ಹಾಡಿಲ್ಲದ ಭರವಸೆ ಸಿಕ್ಕೀತೇ? ಕೊಟ್ಟ ಮಾತಿಗೆ ಹೀಗೊಂದು ಬೀಗ ಜಡಿದು, ಅದರ ಕೀಲಿಯನ್ನು ಕಾನೂನಿನ ಜೇಬಿನಲ್ಲಿಟ್ಟರೆ, ಮತದಾರ ಯಾವುದನ್ನು ನೋಡಿ ಆರಿಸಬೇಕು? ಉಳಿದ ಹಾರ ಚಪ್ಪಾಳೆಗಳನ್ನೇ?

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ಹೋದ ವಾರ ಪ್ರತಿನಿಧಿಗಳ ಕಡೆಯವರು ಮನೆಮನೆಗೆ ಬಂದು ಹೊಸ ಮಾತು ಬಿತ್ತಿ ಹೋದರು: ‘ನಮ್ಮ ಸಾಹೇಬ್ರ ಮೇಲೆ ಸುಳ್ಳು ವಿಡಿಯೋ ಬಿಟ್ಟಿದ್ರು. ಸುಳ್ಳು ಅಂತ ಸಾಬೀತಾಗಿ ಅಧಿಕಾರಿಗಳೇ ತೆಗೆಸಿದ್ದಾರೆ.’ ಸಾಕ್ಷಿ ಏನು? ತಮ್ಮ ಬೂದು ಚೌಕ. ಅದನ್ನೇ ಫೋನಿನಲ್ಲಿ ತೋರಿಸುತ್ತಾರೆ. ತಾವು ಎಲ್ಲಿಯೂ ಸುಳ್ಳೆಂದಿಲ್ಲ, ಬಲ್ಲೆ. ಆದರೆ ಯಾಕೆ ತೆಗೆದಿರೆಂದು ಹೇಳದೆ ಬಿಟ್ಟಿದ್ದೀರಲ್ಲ, ಆ ಖಾಲಿ ಜಾಗವನ್ನು ಅವರು ತುಂಬಿಕೊಂಡರು.

ಡಯಾಲಿಸಿಸ್ ಕೋಣೆಯಲ್ಲಿ ಅಕ್ಕನ ಪಕ್ಕದ ಮಂಚ ನಿವೃತ್ತ ಡ್ರಾಯಿಂಗ್ ಮೇಷ್ಟ್ರದ್ದು. ಒಳ್ಳೆಯವರು. ಅವರಿಗೂ ಆ ಕೋಣೆ ಬಿಟ್ಟರೆ ಗತಿಯಿಲ್ಲ. ಮೊನ್ನೆ ನನ್ನನ್ನು ಕಂಡವರೇ ಮುಖ ತಿರುಗಿಸಿದರು.

“ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಕಣ್ರೀ. ಪಾಪ, ಒಬ್ಬ ಮನುಷ್ಯನ ಮೇಲೆ ಹೀಗಾ ಮಸಿ ಬಳಿಯೋದು?”

ಫೋನ್ ತೆಗೆದು, ಹಾಡಿನ ಸಮೇತ ಮೂಲ ವಿಡಿಯೋವನ್ನೇ ಅವರ ಕಣ್ಣ ಮುಂದೆ ಹಿಡಿದೆ. ಪೂರ್ತಿ ನೋಡಿದರು.

“ಈಗಿನ ಕಾಲದಲ್ಲಿ ಏನು ಬೇಕಾದ್ರೂ ಮಾಡ್ತಾರೆ. ಸುಳ್ಳಲ್ಲದಿದ್ರೆ ಕಚೇರಿಯವರು ಯಾಕ್ರೀ ತೆಗೀತಾರೆ? ಅವರಿಗೇನು ಕೆಲಸ ಇಲ್ವಾ?”

ಅಕ್ಕ ಮಲಗಿದಲ್ಲಿಂದಲೇ ಕೇಳಿದಳು. “ಮೇಷ್ಟ್ರೇ, ಹೋದ ಚುನಾವಣೇಲಿ ಆ ಸಭೆಗೆ ನೀವೂ ಹೋಗಿದ್ರಲ್ಲ?”

“ಹೋಗಿದ್ದೆನಮ್ಮ, ಮುಂದಿನ ಸಾಲಲ್ಲೇ ಕೂತಿದ್ದೆ. ಆ ಹಾಡಿನ ಗಲಾಟೆಯಲ್ಲಿ ಏನೂ ಕೇಳಿಸ್ಲಿಲ್ಲ.”

ಮೇಷ್ಟ್ರು ಈ ಸಲ ಆ ಪ್ರತಿನಿಧಿಗಳಿಗೇ ಓಟು ಹಾಕುತ್ತಾರಂತೆ, ಅನ್ಯಾಯವಾಗಿ ಅಪವಾದ ಹೊತ್ತವರೆಂಬ ಕನಿಕರದಿಂದ. ಮೇಷ್ಟ್ರು ಮಲಗುವ ಮಂಚವನ್ನು ಮೇಷ್ಟ್ರೇ ಸಾಗಹಾಕಲು ಹೊರಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ತಮ್ಮ ಎರಡು ಪದಗಳು ಅವರನ್ನು ಮತಗಟ್ಟೆಯವರೆಗೂ ಕೈಹಿಡಿದು ನಡೆಸಿಕೊಂಡು ಹೋಗುತ್ತಿವೆ.

ಅದೇ ಸಂಜೆ ಅಕ್ಕನನ್ನು ಶಾಲಿನಿಂದ ಬಿಗಿದುಕೊಂಡು ಸ್ಕೂಟರ್ ಹೊರಡಿಸಿದೆ. ಅವಳ ತಲೆ ನನ್ನ ಬೆನ್ನಿಗೆ ಒರಗಿತ್ತು. ನಿದ್ದೆ ಹೋಗಿದ್ದಾಳೆಂದುಕೊಂಡೆ. ಮನೆಯ ತಿರುವಿನಲ್ಲಿ, ಹಿಂದಿನಿಂದ ಮೆಲ್ಲಗೆ ಕೇಳಿದಳು:

“ಬೇಜಾರು ಮಾಡ್ಕೋಬೇಡ ಕಣೋ... ನಿಜವಾಗ್ಲೂ ಅವರು ಹಾಗಂದಿದ್ರಾ?”

ನಾನು ಸ್ಕೂಟರ್ ನಿಲ್ಲಿಸಿಬಿಟ್ಟೆ. ಹುಟ್ಟಿದಾಗಿನಿಂದ ಊರೆಲ್ಲವನ್ನೂ ಅನುಮಾನಿಸಿದವನು ನಾನು. ನನ್ನನ್ನು ಎಂದೂ ಅನುಮಾನಿಸದೆ ಇದ್ದವಳು ಅವಳೊಬ್ಬಳು. ಅಧಿಕಾರಿಗಳೇ, ಆ ಹಾಡಿನ ಒಡೆಯರಿಗೆ ನನ್ನಿಂದ ಆದ ನಷ್ಟ ಎಷ್ಟೆಂದು ತಾವು ಅಳೆದಿರಬೇಕು. ಇದನ್ನು ಯಾವ ವಿಭಾಗದಲ್ಲಿ ಅಳೆಯುತ್ತೀರಿ?

ಹಾಡು ಮಾಡಿದವನ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಕೇಳುತ್ತಿಲ್ಲ. ಅವನಿಗೆ ಸಲ್ಲಬೇಕಾದದ್ದು ಸಲ್ಲಲಿ. ವಿಡಿಯೋ ವಾಪಸ್ ಹಾಕಿ ಎಂದೂ ಈಗ ಕೇಳುವುದಿಲ್ಲ. ತಮ್ಮ ಕಾಲಾವಕಾಶದ ಮುಂದೆ ನನ್ನ ಆಟ ನಡೆಯದು. ಕೇಳುವುದು ಒಂದೇ ಸಾಲು. ಮತದಾನಕ್ಕೆ ಮೊದಲು ಆ ಬೂದು ಚೌಕದ ಮೇಲೆ ಹೀಗೆ ಬರೆಸಿ: ‘ಇದನ್ನು ತೆಗೆದದ್ದು ಹಾಡಿಗಾಗಿ. ಇದರಲ್ಲಿನ ಮಾತು ಸುಳ್ಳೆಂದು ನಾವು ಹೇಳಿಲ್ಲ.’ ಅಷ್ಟು ಸಾಕು. ಮೇಷ್ಟ್ರಿಗೆ ಓದಿ ಹೇಳುತ್ತೇನೆ. ಅಕ್ಕನಿಗೆ ಓದಿ ಹೇಳಬೇಕಾಗಿಲ್ಲ. ಅವಳ ಕನ್ನಡಕ ನಾನೇ ಮಾಡಿಕೊಟ್ಟದ್ದು, ಚೆನ್ನಾಗಿ ಕಾಣುತ್ತದೆ. ತಾವು ಬರೆಸಬೇಕಾದದ್ದಷ್ಟೇ ಇನ್ನೂ ಕಾಣುತ್ತಿಲ್ಲ.

ಇಂತಿ,
ಹಾಡಿನ ಮಟ್ಟಿಗೆ ಕಳ್ಳ, ಬಡಾವಣೆಯ ಮಟ್ಟಿಗೆ ಸುಳ್ಳ,
ಅಕ್ಕನ ಮಟ್ಟಿಗೆ ಇನ್ನೂ ತೀರ್ಮಾನವಾಗದ ಅವಳ ತಮ್ಮ