ಅಪ್ಪನ ಕಪ್ಪು ಗಾಜು

ಸ್ಟುಡಿಯೋದ ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಉಣ್ಣು. ಬಹುಮಾನದಿಂದ ಹೊಟ್ಟೆ ತುಂಬುವುದಿಲ್ಲ. ಅಪ್ಪ ಗಟ್ಟಿಯಾಗಿದ್ದಾರೆ. ಕಾರ್ಖಾನೆಯಿಂದ ವೆಲ್ಡರುಗಳನ್ನೆಲ್ಲ ಹೊರಹಾಕಿದ ದಿನದಿಂದ ಗೇಟಿನೆದುರು ಸ್ಟೂಲು ಹಾಕಿಕೊಂಡು ಕೂರುವುದನ್ನು ಇನ್ನೂ ಬಿಟ್ಟಿಲ್ಲ. ನನಗೇನಾಗಿದೆ ಎಂದರೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಹಚ್ಚಿದವನು ನೀನು.

ಒಂದೇ ಗೇಟು, ಒಂದೇ ದಿನ, ಅಕ್ಕಪಕ್ಕ ನಮ್ಮ ಎರಡು ಟ್ರೈಪಾಡು. ಇಬ್ಬರೂ ತೆಗೆದದ್ದು ಟೈಮ್‌ಲ್ಯಾಪ್ಸೇ: ನಾಲ್ಕು ಸೆಕೆಂಡಿಗೊಂದು ಫೋಟೊ, ಎಲ್ಲ ಪೋಣಿಸಿದರೆ ಇಡೀ ದಿನ ಕೆಲವೇ ನಿಮಿಷದಲ್ಲಿ ಓಡಬೇಕು. ನಾನು ಶಟರ್ ಇಟ್ಟದ್ದು ಸೆಕೆಂಡಿನ ಇನ್ನೂರೈವತ್ತನೇ ಒಂದು ಪಾಲಿಗೆ. ಪಾಳಿಗೆ ಹೋಗುವ ಒಬ್ಬೊಬ್ಬರ ಮುಖವೂ ಸ್ಪಷ್ಟ; ಆದರೆ ಓಡಿಸಿದರೆ ಜನ ಕಪ್ಪೆಗಳ ಹಾಗೆ ಕುಪ್ಪಳಿಸುತ್ತಾರೆ. ನೀನು ಪೂರಾ ಎರಡು ಸೆಕೆಂಡು ಶಟರ್ ತೆರೆದಿಟ್ಟೆ. ನಡೆಯುವವರೆಲ್ಲ ಕರಗಿ ಹೊಗೆಯಾಗಿ ಹರಿದರು. ಬೆಣ್ಣೆಯಂತೆ ನುಣುಪಾಗಿದೆ, ಒಪ್ಪಿದೆ. ಆದರೆ ದುಡಿಯುವವನ ಮುಖ ಅಳಿಸುವುದು ಯಾವ ಸೀಮೆಯ ಕಲೆಯೋ? ಮಾಲೀಕನ ಕಣ್ಣಿಗೂ ನಾವು ಹೊಗೆಯೇ ತಾನೆ!

ಅದಕ್ಕೆ ಬಹುಮಾನ ಬೇರೆ. ಆ ಹಸಿರು ಛಾಯೆಯಲ್ಲಿ "ಕಾಲದ ವಿಷಾದ" ಇದೆಯೆಂದು ತೀರ್ಪುಗಾರರು ಬರೆದರಂತೆ. ವಿಷಾದವೂ ಇಲ್ಲ, ಮಣ್ಣೂ ಇಲ್ಲ. ಅದು ಅಪ್ಪನ ವೆಲ್ಡಿಂಗ್ ಮುಖವಾಡದ ಗಾಜಿನ ಬಣ್ಣ. ಹಗಲಲ್ಲಿ ಅಷ್ಟು ಹೊತ್ತು ಶಟರ್ ತೆರೆಯಬೇಕಾದರೆ ಲೆನ್ಸಿನ ಮುಂದೆ ಕಪ್ಪು ಗಾಜು ಬೇಕೆಂದು ಮೊದಲು ಕೇಳಿದವಳು ನಾನು. "ಇರ್ಲಿ ಬಿಡಮ್ಮ, ಚಿಕ್ಕೋನು ಆಸೆ ಪಡ್ತಿದಾನೆ" ಎಂದು ಅಪ್ಪ ಅದನ್ನು ನಿನ್ನ ಕೈಗೆ ಕೊಟ್ಟರು. ಗಾಜು ಸಿಗದೆಯೇ ನಾನು ಇನ್ನೂರೈವತ್ತಕ್ಕೆ ಹೋದದ್ದು. ಮುಖ ಅಳಿಸಬಾರದೆಂಬ ಸಿದ್ಧಾಂತ ಆಮೇಲೆ ಬಂತು. ಕಳೆದ ವಾರ ಕದ್ದುಮುಚ್ಚಿ ನಿನ್ನ ಹಾಗೆಯೇ ತೆಗೆಯಲು ಹೋದೆ. ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಸಾಕು, ಗಾಜು ಯಾರಿಗೆ ಬೇಕು ಎಂಬ ಧಿಮಾಕು. ಬೆಳಕೆಲ್ಲ ಒಳನುಗ್ಗಿ, ಬಂದದ್ದು ಸುಣ್ಣ ಬಳಿದ ಗೋಡೆ.

ಅಪ್ಪನಿಗೆ ನನ್ನ ಚಿತ್ರ ತೋರಿಸಿದೆ. "ಚೆನ್ನಾಗಿದೆ ಕಣಮ್ಮ. ನಾನೆಲ್ಲಿ?" ಅಂದರು. ನೂರು ಮುಖಗಳ ನಡುವೆ ಬೆರಳಿಟ್ಟು ತೋರಿಸಬೇಕಾಯಿತು. ನಿನ್ನದರಲ್ಲಿ ಹುಡುಕುವ ಮಾತೇ ಇಲ್ಲ. ಬೀದಿಗೆ ಬೀದಿಯೇ ಹೊಗೆಯಾಗಿ ಹರಿಯುವಾಗ ಅಲುಗದೆ ಕೂತವರು ಅವರೊಬ್ಬರೇ, ಬಂಡೆಯ ಹಾಗೆ. "ನಿನ್ ತಮ್ಮಂದು ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ. ಹಲ್ಲು ಕಚ್ಚಿಕೊಂಡು ನಾನೂ ನೋಡಿದೆ.

ಅಪ್ಪನ ಆಶೀರ್ವಾದ ಪೂರ್ತಿ ನಿನಗೇ. ನನ್ನದರಲ್ಲಿ ಅರ್ಧ ಹಿಡಿದಿಟ್ಟುಕೊಂಡಿದ್ದೇನೆ.

ಇಂತಿ,
ಉರಿಯುತ್ತಿರುವ ನಿನ್ನ ಅಕ್ಕ

ಅವಸರದಲ್ಲಿ ಇನ್ನೊಂದು ಮಾತು: ಮುಂದಿನ ಸೋಮವಾರ, ಹೊರಹಾಕಿಸಿಕೊಂಡವರು, ಒಳಗೆ ಉಳಿದವರು, ಎಲ್ಲರೂ ಅಪ್ಪನ ಪಕ್ಕ ಕೂರುತ್ತಾರೆ. ಒಬ್ಬರೂ ಅಲುಗಬಾರದೆಂದು ನಾನೇ ಹೇಳಿಕೊಟ್ಟಿದ್ದೇನೆ. ಅವತ್ತು ಹೊಗೆಯಾಗಬೇಕಾದದ್ದು ಮಾಲೀಕನ ಕಾರು. ಅದಕ್ಕೆ ನಿನ್ನ ಎರಡು ಸೆಕೆಂಡೇ ಬೇಕು. ಗಾಜು ತಗೊಂಡು ಬಾ. ಹೆಸರು ಬೇಕಾದರೆ ನಿನ್ನದೇ ಹಾಕಿಕೋ. ಗಾಜು ಮಾತ್ರ ನನ್ನ ಕ್ಯಾಮೆರಾಕ್ಕೆ.